ಜಮಖಂಡಿಗೆ ದುರ್ಬೀನು ಕಳುಹಿಸಿದ ಮನೆ

ಊರಿನಿಂದ ನೆಂಟರು ಬಂದಾಗ ಅವರನ್ನು ಲಂಡನ್ನಿನ ಪಿಕಡಿಲಿ ರಸ್ತೆಯ ಬರ್ಲಿಂಗ್ಟನ್ ಹೌಸಿಗೆ ಕರೆದೊಯ್ಯುವುದು ನನ್ನ ರೂಢಿ. ಹೆಚ್ಚಿನವರು ಅಲ್ಲಿನ ಚಿತ್ರಪ್ರದರ್ಶನ ನೋಡಿ, ಅಂಗಳದಲ್ಲಿ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಜಮಖಂಡಿಯಲ್ಲಿ ವಿಜ್ಞಾನದ ಮಾಸ್ತರರಾಗಿ ನಿವೃತ್ತರಾದ ನನ್ನ ಸೋದರಮಾವ ಮಾತ್ರ ಕಳೆದ ಬೇಸಿಗೆಯಲ್ಲಿ ಆ ಅಂಗಳದ ನಡುವೆ ನಿಂತು, "ನಮ್ಮ ಜಮಖಂಡಿಗಿ ದುರ್ಬೀನು ಕಳಿಸಿದ ಮಂದಿ ಇಲ್ಲೇ ಇದ್ರೇನಪಾ?" ಎಂದು ಕೇಳಿದರು. ಇಲ್ಲಿಯೇ ಇದ್ದರು. ಈಗ ಕಾರ್ಲ್‌ಟನ್ ಹೌಸ್ ಟೆರೇಸಿನಲ್ಲಿರುವ, ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯು 1857ರಿಂದ 1967ರವರೆಗೆ ಬರ್ಲಿಂಗ್ಟನ್ ಹೌಸಿನಲ್ಲಿಯೇ ಇತ್ತು.

1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಸೊಸೈಟಿಯು ದೂರದರ್ಶಕವನ್ನೂ, ಬೆಳಕನ್ನು ಬಣ್ಣಗಳ ಪಟ್ಟಿಯಾಗಿ ಅಂದರೆ ರೋಹಿತವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನೂ ಕೊಟ್ಟು ಜಮಖಂಡಿಗೆ ಕಳುಹಿಸಿದ್ದು ದೇಶದ ನೆಲವನ್ನು ಅಳೆಯುತ್ತಿದ್ದ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಅಧಿಕಾರಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರನ್ನು. ಅವರ ತಂದೆ ಸರ್ ಜಾನ್ ಹರ್ಷೆಲ್ ಪ್ರಸಿದ್ಧ ಖಗೋಳ ವಿಜ್ಞಾನಿ. ಆ ತಂದೆಗೆ ಇದೇ ಸೊಸೈಟಿಯಲ್ಲಿ ಆಗಿದ್ದ ಸೋಲನ್ನು ಹೇಳದೆ ಮಗನ ಕಥೆಗೆ ಹೋಗುವಂತಿಲ್ಲ.

1830ರ ಅಧ್ಯಕ್ಷ ಚುನಾವಣೆಯಲ್ಲಿ ಸರ್ ಜಾನ್ ಹರ್ಷೆಲ್ ಅವರ ಎದುರು ನಿಂತವರು ದೊರೆಯ ತಮ್ಮನಾದ ಡ್ಯೂಕ್ ಆಫ್ ಸಸೆಕ್ಸ್. 119 ಮತಗಳು ರಾಜಕುಮಾರರಿಗೂ 111 ಮತಗಳು ವಿಜ್ಞಾನಿಗೂ ಬಿದ್ದವು. ಆ ಕಾಲದಲ್ಲಿ ಸದಸ್ಯರಾಗಲು ಸಂಶೋಧನೆ ಮಾಡಿರಲೇಬೇಕೆಂಬ ನಿರ್ಬಂಧವಿರಲಿಲ್ಲ. ಕುಲ, ಪದವಿ, ಪರಿಚಯ, ಚಂದಾಹಣ ಇವು ಸಾಕಾಗುತ್ತಿದ್ದವು. ಅದೇ ವರ್ಷ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಇಂಗ್ಲೆಂಡಿನ ವಿಜ್ಞಾನದ ಅವನತಿಯನ್ನು ಕುರಿತು ಪುಸ್ತಕ ಬರೆದು ಸೊಸೈಟಿಯ ಆಡಳಿತವನ್ನು ಬಹಿರಂಗವಾಗಿ ಜಾಲಾಡಿದರು.

ಪರಿಸ್ಥಿತಿ ಬದಲಾಗಲು 17 ವರ್ಷ ಬೇಕಾಯಿತು. ನ್ಯಾಯವಾದಿಯೂ ಭೌತವಿಜ್ಞಾನಿಯೂ ಆಗಿದ್ದ ವಿಲಿಯಂ ಗ್ರೋವ್ ಮೊದಲಾದವರ ಒತ್ತಾಯದಿಂದ 1847ರಲ್ಲಿ ನಿಯಮಗಳನ್ನು ತಿದ್ದಲಾಯಿತು. ಅಭ್ಯರ್ಥಿಯ ಕೆಲಸವನ್ನು ವಿವರಿಸುವ ಪ್ರಮಾಣಪತ್ರಕ್ಕೆ ಕನಿಷ್ಠ ಆರು ಮಂದಿ ಸದಸ್ಯರು ಸಹಿ ಹಾಕಬೇಕಿತ್ತು. ಹಾಗೆ ಬಂದವರಲ್ಲಿ ವರ್ಷಕ್ಕೆ 15 ಮಂದಿಯನ್ನಷ್ಟೇ ಆಡಳಿತ ಮಂಡಳಿಯು ಆರಿಸಿ ಚುನಾವಣೆಗೆ ಶಿಫಾರಸು ಮಾಡುತ್ತಿತ್ತು. ಒಂದೇ ಏಟಿಗೆ ಶ್ರೀಮಂತರನ್ನು ಹೊರಹಾಕದೆ, ಬಾಗಿಲನ್ನು ಕಿರಿದು ಮಾಡಿ ಕಾಲವೇ ಉಳಿದ ಕೆಲಸವನ್ನು ಮಾಡುವಂತೆ ಬಿಟ್ಟ ಈ ಜಾಣತನ ನನಗೆ ಬಹಳ ಇಷ್ಟ. ಹೆಂಗಸರಿಗೆ ಮಾತ್ರ ಆ ಬಾಗಿಲು 1945ರವರೆಗೂ ತೆರೆಯಲೇ ಇಲ್ಲ.

ಸೊಸೈಟಿಯ ಸ್ವಂತ ಆದಾಯ ಸಂಶೋಧನೆಗೆ ಸಾಲುವಂತಿರಲಿಲ್ಲ. 1849ರಲ್ಲಿ ಪ್ರಧಾನಿ ಲಾರ್ಡ್ ಜಾನ್ ರಸೆಲ್ ಅವರು ಸರ್ಕಾರದಿಂದ ವರ್ಷಕ್ಕೆ 1,000 ಪೌಂಡ್ ಕೊಡಿಸುವುದಾಗಿ ಆಗಿನ ಅಧ್ಯಕ್ಷರಾದ ಅರ್ಲ್ ಆಫ್ ರಾಸ್ ಅವರಿಗೆ ಪತ್ರ ಬರೆದರು. ಹಣ ಬೊಕ್ಕಸದ್ದು, ಅದು ಯಾರಿಗೆ ಸಲ್ಲಬೇಕೆಂಬ ತೀರ್ಪು ಸೊಸೈಟಿಯ ಸಮಿತಿಯದು. ಹಣ ಪಡೆದವನಿಗೆ ಅದರಿಂದ ಸಂಬಳ ಸಿಗುತ್ತಿರಲಿಲ್ಲ. ಉಪಕರಣ, ಸಾಮಗ್ರಿ, ಸಹಾಯಕರ ಖರ್ಚು ಇಷ್ಟಕ್ಕೇ ಅದು ಮೀಸಲು, ಕೊಂಡ ಉಪಕರಣವೂ ಅವನ ಸ್ವತ್ತಾಗುತ್ತಿರಲಿಲ್ಲ. ಮ್ಯಾಂಚೆಸ್ಟರಿನ ಬಿಯರ್ ತಯಾರಕರ ಮನೆತನದ ಜೇಮ್ಸ್ ಜೂಲ್, ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಅವರೊಡನೆ ಅನಿಲಗಳ ಮೇಲೆ ನಡೆಸಿದ ಪ್ರಯೋಗಗಳಿಗೆ ಈ ಹಣ ನೆರವಾಯಿತು. 1876ರಲ್ಲಿ ಸರ್ಕಾರ ಇನ್ನೂ 4,000 ಪೌಂಡ್ ಸೇರಿಸಿ, ಸಂಶೋಧಕನ ಜೀವನೋಪಾಯಕ್ಕೂ ಕೊಡಬಹುದೆಂದಾಗ, ಅಂಥ ಹಣ ವಿಜ್ಞಾನಿಯ ಸ್ವಾತಂತ್ರ್ಯವನ್ನು ಕೆಡಿಸುತ್ತದೆ ಎಂದು ಹೆದರಿದವರು ಸದಸ್ಯರಲ್ಲಿಯೇ ಇದ್ದರು. ಹೊಟ್ಟೆ ತುಂಬಿದವರಿಗೆ ಇಂಥ ಹೆದರಿಕೆ ಸುಲಭವೆಂದು ನಮ್ಮ ಮಾವನ ಅಭಿಪ್ರಾಯ. ದೊಡ್ಡ ವೆಚ್ಚದ ಕೆಲಸಗಳಲ್ಲಿ ಸೊಸೈಟಿ ಕೇವಲ ಮಾತಿನ ತೂಕದಿಂದ ಕಾರ್ಯ ಸಾಧಿಸುತ್ತಿತ್ತು: ಆಳಸಮುದ್ರದ ಅಧ್ಯಯನಕ್ಕಾಗಿ 1872ರಲ್ಲಿ ಹೊರಟ ಚಾಲೆಂಜರ್ ಹಡಗು ನೌಕಾಪಡೆಯದು, ಪ್ರಸ್ತಾವ ಸೊಸೈಟಿಯದು.

ಆ ಮಾತಿನ ತೂಕ ಬಂದದ್ದು ಪ್ರಬಂಧಗಳ ಪರಿಶೀಲನೆಯಿಂದ. ತಮ್ಮಲ್ಲಿಗೆ ಬಂದ ಪ್ರಬಂಧವನ್ನು ಬಲ್ಲ ಸದಸ್ಯರಿಗೆ ಒಪ್ಪಿಸಿ, ಲಿಖಿತ ಅಭಿಪ್ರಾಯ ಪಡೆದು, ಆಮೇಲೆ ಅಚ್ಚು ಹಾಕುವ ಪದ್ಧತಿ 1830ರ ದಶಕದಲ್ಲಿ ಬೇರೂರಿತು. 1854ರಿಂದ 31 ವರ್ಷ ಕಾರ್ಯದರ್ಶಿಯಾಗಿದ್ದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ತಮ್ಮ ಸ್ವಂತ ಗಣಿತವನ್ನು ಬದಿಗಿಟ್ಟು ಪರರ ಪ್ರಬಂಧಗಳನ್ನು ತಿದ್ದುವುದರಲ್ಲಿ ಆಯುಷ್ಯ ಸವೆಸಿದರು. ಆದರೆ ಈ ಜರಡಿ ಕಾಳನ್ನೂ ಆಚೆ ಎಸೆದದ್ದುಂಟು. ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ತರುಣರಿಗೆ ಪಾಠ ಹೇಳುತ್ತಿದ್ದ ಜಾನ್ ಜೇಮ್ಸ್ ವಾಟರ್‌ಸ್ಟನ್ ಎಂಬ ಸ್ಕಾಟ್ಲೆಂಡಿನವರು, ಅನಿಲದ ಉಷ್ಣತೆ ಅದರ ಕಣಗಳ ಚಲನೆಯಿಂದಲೇ ಹುಟ್ಟುತ್ತದೆಂದು ಗಣಿತದಿಂದ ತೋರಿಸುವ ಪ್ರಬಂಧವನ್ನು 1845ರಲ್ಲಿ ಕಳುಹಿಸಿದರು. ಪರಿಶೀಲಕರೊಬ್ಬರು ಅದನ್ನು ಬರೀ ಅಸಂಬದ್ಧವೆಂದೂ ಸಭೆಯಲ್ಲಿ ಓದಲೂ ಯೋಗ್ಯವಲ್ಲವೆಂದೂ ಬರೆದರು. ಸೊಸೈಟಿಯ ಕೈ ಸೇರಿದ ಹಸ್ತಪ್ರತಿ ಹಿಂದಿರುಗುವ ಪದ್ಧತಿ ಇರಲಿಲ್ಲ, ಲೇಖಕರ ಬಳಿ ಬೇರೆ ಪ್ರತಿಯೂ ಇರಲಿಲ್ಲ. 1883ರಲ್ಲಿ ಎಡಿನ್‌ಬರೊದ ತಮ್ಮ ಮನೆಯಿಂದ ಹೊರಟ ವಾಟರ್‌ಸ್ಟನ್ ಮರಳಿ ಬರಲಿಲ್ಲ. ಕಾರ್ಯದರ್ಶಿ ಲಾರ್ಡ್ ರೇಲಿ ಆ ಹಸ್ತಪ್ರತಿಯನ್ನು ದಫ್ತರದಿಂದ ಹುಡುಕಿ ತೆಗೆದು 1892ರಲ್ಲಿ ಅಚ್ಚು ಹಾಕಿಸಿದಾಗ, ಅದರಲ್ಲಿದ್ದ ಹೊಳಹುಗಳನ್ನು ಬೇರೆಯವರು ಸ್ವತಂತ್ರವಾಗಿ ಕಂಡುಕೊಂಡು ಹೆಸರು ಗಳಿಸಿ ಆಗಿತ್ತು. ತಪ್ಪೊಪ್ಪಿಗೆಯೂ ಸಾಕ್ಷಿಯೂ ಒಂದೇ ಕಪಾಟಿನಲ್ಲಿ ಭದ್ರವಾಗಿದ್ದುದು ಈ ಸಂಸ್ಥೆಯ ವೈಚಿತ್ರ್ಯ.

ಕಿರಿಯ ಹರ್ಷೆಲ್ ಸೇವೆಯಲ್ಲಿದ್ದ ಸರ್ವೇಕ್ಷಣೆಗೂ ಸೊಸೈಟಿಗೂ ಬೇರೊಂದು ನಂಟಿತ್ತು. ಅಧ್ಯಕ್ಷ ಎಡ್ವರ್ಡ್ ಸೆಬೈನ್ ಅವರ ಸೂಚನೆಯಂತೆ, ಭೂಮಿಯ ಗುರುತ್ವವನ್ನು ಅಳೆಯಲು ಸೊಸೈಟಿ ತನ್ನ ಲೋಲಕಗಳನ್ನು ಭಾರತಕ್ಕೆ ಎರವಲು ಕೊಟ್ಟಿತು. ಕ್ಯಾಪ್ಟನ್ ಬೇಸೆವಿ ಅವುಗಳನ್ನು ಬೆಂಗಳೂರೂ ಸೇರಿದಂತೆ ಊರಿಂದೂರಿಗೆ ಹೊತ್ತೊಯ್ದು, ಕಡೆಗೆ 1871ರಲ್ಲಿ ಲಡಾಖಿನ ಎತ್ತರದ ಬಯಲಿನಲ್ಲಿ ತೀರಿಕೊಂಡರು.

ಜಮಖಂಡಿಯಲ್ಲಿ ಗ್ರಹಣದ ದಿನ ಆಗಸ್ಟಿನ ಮೋಡ ಕವಿದಿತ್ತು. ನಡುನಡುವೆ ಸಿಕ್ಕ ತೆರಪಿನಲ್ಲಿ ಹರ್ಷೆಲ್ ಅವರು ಸೂರ್ಯನ ಅಂಚಿನಿಂದ ಚಾಚಿದ್ದ ಜ್ವಾಲೆಯತ್ತ ಉಪಕರಣವನ್ನು ತಿರುಗಿಸಿದಾಗ ರೋಹಿತದಲ್ಲಿ ಮೂರು ಪ್ರಕಾಶಮಾನವಾದ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಹೀಗೆ ಬಿಡಿಬಿಡಿಯಾಗಿ ಹೊಳೆಯುವ ಗೆರೆಗಳೆಂದರೆ ಆ ಜ್ವಾಲೆ ಕಾದ ಅನಿಲವೆಂದೇ ಅರ್ಥ. ಅದೇ ದಿನ ಗುಂಟೂರಿನಲ್ಲಿದ್ದ ಫ್ರಾನ್ಸಿನ ಖಗೋಳ ವಿಜ್ಞಾನಿ ಜಾನ್ಸೆನ್ ಕೂಡ ಇದನ್ನೇ ಕಂಡು, ಗ್ರಹಣವಿಲ್ಲದ ದಿನವೂ ಆ ಗೆರೆಗಳನ್ನು ನೋಡುವ ಉಪಾಯವನ್ನು ಕಂಡುಕೊಂಡರು. ಚರಿತ್ರೆ ಹೆಚ್ಚಾಗಿ ನೆನೆಯುವುದು ಅವರನ್ನೇ.

ಇಷ್ಟನ್ನೂ ಮಾವನಿಗೆ ಹೇಳುತ್ತ ಕಾರ್ಲ್‌ಟನ್ ಹೌಸ್ ಟೆರೇಸಿನವರೆಗೆ ನಡೆದೆವು. ಗ್ರಹಣ ಮುಗಿದ ಮೇಲೆ ಆ ದುರ್ಬೀನು ಏನಾಯಿತು ಎಂಬುದೇ ಅವರ ಮುಂದಿನ ಪ್ರಶ್ನೆಯಾಗಿತ್ತು. ಇಂಗ್ಲೆಂಡಿನಿಂದ ಕಾಣದ ದಕ್ಷಿಣ ಆಕಾಶದ, ಮೋಡದಂತೆ ಮಸುಕಾಗಿ ಕಾಣುವ ನಿಹಾರಿಕೆಗಳ ರೋಹಿತವನ್ನು ಹರ್ಷೆಲ್ ಭಾರತದಲ್ಲಿದ್ದುಕೊಂಡೇ ಪರೀಕ್ಷಿಸಿ, ಅದರ ವರದಿಯನ್ನೂ ಸೊಸೈಟಿಗೆ ಒಪ್ಪಿಸಿದರೆಂದು ಹೇಳಿದೆ. ಮಾವ ತಲೆದೂಗಿ, "ಹಂಗಾದ್ರ ರೊಕ್ಕ ದಂಡ ಆಗ್ಲಿಲ್ಲ ಬಿಡು" ಎಂದರು.