ಕೈ ನಡುಗಿದ ರಾಮ

“ನಡುಗಲಿಲ್ಲವೇ ನಿನ್ನ ಕೈ?” ಎಂದು ವಾಲಿ ಕೇಳಿದ. “ನಡುಗಿತು. ಅದಕ್ಕೇ ಮರವನ್ನು ಹಿಡಿದುಕೊಂಡಿದ್ದೆ” ಎಂದ ರಾಮ.

ಶನಿವಾರ ರಾತ್ರಿ ಹೊಸನಗರದ ಕಡೆಯ ಒಂದು ದೇವಸ್ಥಾನದಲ್ಲಿ ನಡೆದ ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕುಳಿತು, ಪದ್ಯಗಳ ನಡುವೆ ಮಾತಿನಲ್ಲೇ ಪಾತ್ರ ಕಟ್ಟುವ ಯಕ್ಷಗಾನದಲ್ಲಿ) ಕೇಳಿದ ಈ ಎರಡು ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ತೋಟದಲ್ಲಿ ಔಷಧಿ ಹೊಡೆಯುವವರ ಜೊತೆ ನಿಂತಾಗಲೂ ಅದೇ, ಸಾಗರದ ಬಸ್ಸಿನಲ್ಲಿ ಕುಳಿತಾಗಲೂ ಅದೇ.

ಪ್ರಸಂಗ ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗ ನಮ್ಮ ಕಡೆಯ ಕೇಳುಗರಿಗೆ ಹೆಚ್ಚುಕಡಿಮೆ ಬಾಯಿಪಾಠ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ನೀನು, ಈ ನೆಲ ಭರತನ ಆಳ್ವಿಕೆಗೆ ಸೇರಿದ್ದು, ಶಾಖಾಮೃಗವನ್ನು, ಎಂದರೆ ಕೋತಿಯನ್ನು, ಮರೆಯಿಂದ ಬೇಟೆಯಾಡಿದರೆ ರಾಜನಿಗೆ ದೋಷವಿಲ್ಲ ಎಂದು ರಾಮ ಉತ್ತರಿಸುತ್ತಾನೆ. ಪದ್ಯಗಳು ಮಾತ್ರ ಬರೆದಿಟ್ಟವು, ಅರ್ಥ ಹೇಳುವವರ, ಎಂದರೆ ಪಾತ್ರವಾಗಿ ಮಾತನಾಡುವವರ, ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಆದರೂ ಎಷ್ಟೋ ಕೂಟಗಳಲ್ಲಿ ಈ ವಾದ ಬರೆದಿಟ್ಟ ಹಾಗೆಯೇ ಸಾಗುತ್ತದೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ತಮ್ಮ ಮುಂದಿನ ಶ್ಲೋಕವನ್ನು ಮನಸ್ಸಿನಲ್ಲೇ ಹೊಂದಿಸಿಕೊಳ್ಳುತ್ತಿರುತ್ತಾರೆ. ಅದು ಅವರ ಕಣ್ಣಿನಲ್ಲೇ ಗೊತ್ತಾಗುತ್ತದೆ.

ಅಂದು ಅರ್ಥ ಹೇಳಿದ ಇಬ್ಬರೂ ಎಪ್ಪತ್ತು ದಾಟಿದವರು. ರಾಮನ ಪಾತ್ರದ ಹಿರಿಯರಿಗೆ ಈಚೆಗೆ ಬಲಗೈ ಅದುರುತ್ತದೆ. ಪೀಠಿಕೆಯ ಹೊತ್ತಿನಿಂದಲೂ ಆ ಕೈಯನ್ನು ಶಲ್ಯದೊಳಗೆ ಸುತ್ತಿಟ್ಟುಕೊಂಡೇ ಮಾತನಾಡುತ್ತಿದ್ದರು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಕರೆಂಟ್ ಹೋಗಿ ಮೈಕು ಸತ್ತ ಮೇಲೆ ನಾವೆಲ್ಲ ಚಾಪೆ ಎಳೆದುಕೊಂಡು ಹತ್ತಿರ ಕುಳಿತಿದ್ದೆವು. ಅದರಿಂದಲೇ ನನಗೆ ಇದೆಲ್ಲ ಕಂಡಿತು.

ವಾಲಿ ಆ ಪ್ರಶ್ನೆ ಕೇಳಿದಾಗ ಸಭೆಯಲ್ಲಿ ಯಾರೋ ಚುಚ್ ಎಂದರು. ಕೇಳಬಾರದ್ದನ್ನು ಕೇಳಿದರು ಎಂದು ನನಗೂ ಅನ್ನಿಸಿತು. ರಾಮ ತಡಮಾಡಲಿಲ್ಲ. “ನಡುಗಿತು” ಎಂದು ಹೇಳಿ, ಶಲ್ಯದಿಂದ ಕೈ ಹೊರತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. ಆಮೇಲೆ ಮರದ ಮಾತು ಬಂತು. ಅಡಗಲು ಬೇಕಾಗಿದ್ದ ಮರ, ಇಷ್ಟು ವರ್ಷ ಎಲ್ಲ ವಾಲಿಗಳೂ ರಾಮನನ್ನು ಹಂಗಿಸಲು ಬಳಸಿದ ಮರ, ಆಸರೆಗೆ ಹಿಡಿದ ಮರವಾಯಿತು.

ವಾಲಿಯ ಬತ್ತಳಿಕೆಯಲ್ಲಿ ಆಗ ಮಾತು ಇರಲಿಲ್ಲವೆಂದಲ್ಲ. ಕೈ ನಡುಗಿದರೆ ಮನಸ್ಸಿನಲ್ಲಿ ಅಳುಕಿತ್ತು, ಅಳುಕಿದ್ದರೆ ತಪ್ಪೆಂದು ಗೊತ್ತಿತ್ತು ಎಂದು ಅಲ್ಲಿಗೇ ವಾದ ಗೆಲ್ಲಬಹುದಿತ್ತು. ಚಪ್ಪಾಳೆಯೂ ಬೀಳುತ್ತಿತ್ತು. ಅವರು ಅದನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮರ ಬಿಟ್ಟು ಬಳಿಗೆ ಬಾ” ಎಂದರು. ಪದ್ಯ ಹಾಡುವ ಭಾಗವತರು ತಾಳ ಎತ್ತಿದವರು ಹಾಗೆಯೇ ತಡೆದರು. ಏರು ದನಿಯಲ್ಲಿ ಬರಬೇಕಿದ್ದ ಪದ್ಯವನ್ನು ವಿಳಂಬದಲ್ಲಿ ಎತ್ತಿಕೊಂಡರು. ಮದ್ದಳೆಯವರು ಅಂಗೈಯನ್ನು ಚರ್ಮದ ಮೇಲೆಯೇ ಇಟ್ಟು, ಎರಡನೆಯ ಸಾಲು ಬರುವ ತನಕ ನುಡಿಸಲೇ ಇಲ್ಲ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದ್ದು ನನಗೆ ಕಾಣಲಿಲ್ಲ.

ಚಹಾದ ಹೊತ್ತಿಗೆ ನಿವೃತ್ತ ಮೇಷ್ಟರೊಬ್ಬರು ಆಕ್ಷೇಪ ತೆಗೆದರು. ರಾಮನ ಕೈ ನಡುಗಿತು ಎನ್ನುವುದಕ್ಕೆ ಆಧಾರವಿಲ್ಲವಂತೆ, ಪಾತ್ರಕ್ಕೆ ಕುಂದಂತೆ. ಅವರ ಓದಿನ ಬಗ್ಗೆ ನನಗೆ ಗೌರವವಿದೆ, ಈ ಮಾತನ್ನು ಮಾತ್ರ ಒಪ್ಪಲಾರೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಗೂ ರಾವಣನಿಗೂ ಮಾಗಧನಿಗೂ (ಜರಾಸಂಧನಿಗೂ) ತಮ್ಮ ಮಾತಿನಲ್ಲೇ ಎಂಥ ಘನತೆ ತಂದುಕೊಟ್ಟರು! ಅರ್ಥಗಾರಿಕೆ ಬದುಕಿರುವುದೇ ಅಂಥ ಧೈರ್ಯದಿಂದ.

ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಸ್ಯಾಕ್ಸೊಫೋನ್ ಕಲಿಯುತ್ತಿದ್ದಾನೆ. ಮನೆಗೆ ಬರುವ ದಾರಿಯಲ್ಲಿ, “ಮಾವ, ನಾನು ಕೇಳುವ ಫ್ರೀ ಜಾಝ್ ಇದೇ” ಎಂದ. ಹೆಚ್ಚಿನದನ್ನು ಬರೆದಿಡದೆ ಅಲ್ಲಲ್ಲೇ ಹುಟ್ಟಿಸಿ ನುಡಿಸುವ ಜಾಝ್ ಅದು. ಮರುದಿನ ಜಗಲಿಯಲ್ಲಿ ಕೂರಿಸಿ ಕೇಳಿಸಿದ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ 1960ರಲ್ಲಿ ನ್ಯೂಯಾರ್ಕಿನಲ್ಲಿ ಎಂಟು ವಾದಕರನ್ನು ಎರಡು ತಂಡವಾಗಿ ಕೂಡಿಸಿ, ಸುಮಾರು 37 ನಿಮಿಷ ಒಂದೇ ಓಟದಲ್ಲಿ ನುಡಿಸಿದ ಧ್ವನಿಮುದ್ರಿಕೆ ಮೊದಲು. ಒಂದು ತಂಡ ಎಡ ಕಿವಿಗೆ, ಇನ್ನೊಂದು ಬಲ ಕಿವಿಗೆ. ಒಬ್ಬ ಮುಂದೆ ಬಂದು ನುಡಿಸುವಾಗ ಉಳಿದವರು ಹಿಂದಿನಿಂದ ಹೂಂಗುಟ್ಟುತ್ತಾರೆ, ಕೆಣಕುತ್ತಾರೆ, ಅವನ ಎಳೆ ಹಿಡಿದು ಬೇರೆ ಕಡೆ ಎಳೆಯುತ್ತಾರೆ.

ನನ್ನನ್ನು ಹಿಡಿದು ಕೂರಿಸಿದ್ದು ಆರ್ಟ್ ಎನ್ಸೆಂಬಲ್ ಆಫ್ ಶಿಕಾಗೋ. 1969ರಲ್ಲಿ ಪ್ಯಾರಿಸ್‌ನಲ್ಲಿ ಈ ಹೆಸರು ಪಡೆದ ತಂಡ. ಜೋಸೆಫ್ ಜಾರ್ಮನ್, ಮಲಾಕಾಯ್ ಫೇವರ್ಸ್, ಡಾನ್ ಮೋಯೆ ಮುಖಕ್ಕೆ ಬಣ್ಣ ಬಳಿದುಕೊಂಡು ಬರುತ್ತಿದ್ದರು. ಟ್ರಂಪೆಟ್‌ನ ಲೆಸ್ಟರ್ ಬೋವಿಗೆ ವೈದ್ಯರ ಬಿಳಿ ಕೋಟು, ರಾಸ್ಕೋ ಮಿಚೆಲ್‌ಗೆ ಸಾದಾ ಉಡುಪು. ವೇಷ ಕಟ್ಟಿದ ಯಕ್ಷಗಾನದವರೂ ಶಲ್ಯ ಹೊದ್ದ ಅರ್ಥಧಾರಿಗಳೂ ಒಂದೇ ರಂಗದಲ್ಲಿ ಕುಳಿತ ಹಾಗೆ. ದೊಡ್ಡ ವಾದ್ಯಗಳ ನಡುವೆ ಗಂಟೆ, ಸೀಟಿ, ಜಾಗಟೆಗಳಂಥ ಚಿಕ್ಕ ವಾದ್ಯಗಳನ್ನು ಹರಡಿಕೊಂಡಿರುತ್ತಾರೆ. ಒಂದು ಗಂಟೆ ಕಿಣಿ ಎಂದು ಸುಮ್ಮನಾದರೆ ಅದರ ನಾದ ಪೂರ್ತಿ ಆರುವವರೆಗೆ ಕಾಯುವ ತಾಳ್ಮೆ ಅವರಿಗಿದೆ. ಬೋವಿ 1999ರಲ್ಲಿ ತೀರಿಕೊಂಡ ಮೇಲೆ, ಆಗ ತಂಡದಲ್ಲಿ ಉಳಿದಿದ್ದ ಮೂವರೇ ಟ್ರಂಪೆಟ್ ಇಲ್ಲದೆ ನುಡಿಸಿ ಅವನ ನೆನಪಿಗೊಂದು ಧ್ವನಿಮುದ್ರಿಕೆ ತಂದರು. ದಶಕಗಳ ಕಾಲ ಒಟ್ಟಿಗೆ ನುಡಿಸಿದವರಿಗೆ, ಇಲ್ಲದವನು ಎಲ್ಲಿ ಬಾಯಿ ಹಾಕುತ್ತಿದ್ದ ಎಂಬುದೂ ನೆನಪಿರುತ್ತದೆ.

ಸೋಮವಾರ ವಾಲಿಯ ಹಿರಿಯರಿಗೆ ಫೋನ್ ಮಾಡಿದೆ. ಮೊದಲೇ ಮಾತಾಗಿತ್ತೇ ಎಂದು ಕೇಳಿದೆ. “ಏನೂ ಇಲ್ಲ ಮಾರಾಯರೆ. ಶಲ್ಯ ಅಲ್ಲಾಡುವುದನ್ನು ನೋಡಿದೆ, ಪ್ರಶ್ನೆ ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ನನಗೇ ಹೆದರಿಕೆಯಾಯಿತು” ಎಂದರು. ಆ ಹೆದರಿಕೆಯನ್ನು ಎದುರಿನವರು ಎತ್ತಿಕೊಳ್ಳುತ್ತಾರೆ ಎಂಬ ನಂಬಿಕೆ ಎಷ್ಟು ಕಾಲದ ಒಡನಾಟದಿಂದ ಬಂದಿರಬೇಕು! ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ತುಂಬಿದ ಸಭೆಯಲ್ಲಿ ಕೇಳುವುದು ಸಣ್ಣ ಮಾತಲ್ಲ. ಸೊಸೈಟಿಯ ಸಭೆಯಲ್ಲಿ, ಊರ ಪಂಚಾಯಿತಿಯಲ್ಲಿ, ಅಣ್ಣತಮ್ಮಂದಿರ ಪಾಲಿನ ಮಾತುಕತೆಯಲ್ಲಿ ಉತ್ತರ ಕಿಸೆಯಲ್ಲಿಟ್ಟುಕೊಂಡು ಪ್ರಶ್ನೆ ಕೇಳುವವರನ್ನೇ ನಾನು ಹೆಚ್ಚು ನೋಡಿದ್ದೇನೆ. ಎದುರಿನವನ ಉತ್ತರದಿಂದ ತನ್ನ ಮುಂದಿನ ಮಾತು ಬದಲಾದೀತು ಎಂಬ ಸಾಧ್ಯತೆಯೇ ಅಲ್ಲಿ ಇರುವುದಿಲ್ಲ. ಹಾಗಾಗಿ ಗಂಟೆಗಟ್ಟಲೆ ಮಾತನಾಡಿಯೂ ಯಾರೂ ಕುಳಿತ ಜಾಗದಿಂದ ಒಂದು ಅಂಗುಲ ಸರಿದಿರುವುದಿಲ್ಲ.

ಅಂದು ಸುಗ್ರೀವನ ಅರ್ಥ ಹೇಳಿದ ಹುಡುಗನಿಗೆ ಒಳ್ಳೆಯ ಕಂಠವಿದೆ, ಪುರಾಣದ ಓದೂ ಇದೆ. ಆದರೆ ಎಲ್ಲವನ್ನೂ ಮನೆಯಿಂದಲೇ ಕಟ್ಟಿ ತಂದಿದ್ದ. ವಾಲಿ ನಡುವೆ ಬಾಯಿ ಹಾಕಿದಾಗ ನಿಂತು, ಮತ್ತೆ ಬಿಟ್ಟಲ್ಲಿಂದಲೇ ಶುರುಮಾಡಿದ. ಮರದ ಮಾತು ಬಂದಾಗ ಅವನು ಬಾಯಿ ತೆರೆದು ರಾಮನ ಕೈಯನ್ನೇ ನೋಡುತ್ತಿದ್ದ. ದೀಪಾವಳಿಯ ಮುಂಚೆ ಇದೇ ಊರಿನಲ್ಲಿ ಕೃಷ್ಣಸಂಧಾನ ಇಡುವ ಯೋಚನೆ ಇದೆಯಂತೆ. ಕೌರವನನ್ನು ಆ ಹುಡುಗನಿಗೇ ಕೊಡಿ, ಕೃಷ್ಣನಿಗೆ ಇದೇ ರಾಮನನ್ನು ಕೂರಿಸಿ ಎಂದು ಸಂಘಟಕರಿಗೆ ಹೇಳಿದ್ದೇನೆ. ಖರ್ಚಿಗೆ ನನ್ನ ಪಾಲನ್ನೂ ಕೊಡುತ್ತೇನೆ.