ಮುಂಬೈಯಲ್ಲಿ ನದಿ ಎಲ್ಲಿದೆ, ಮಾಘಸ್ನಾನ ಎಲ್ಲಿ ಮಾಡ್ತೀರಿ?

ಪುಷ್ಯ ಹುಣ್ಣಿಮೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಮಾಟುಂಗಾ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಕೊಳ್ಳುವಾಗ ಸಿಕ್ಕವರು ಕೇಳುತ್ತಾರೆ. ತೀರ್ಥಹಳ್ಳಿಯಿಂದ ಅತ್ತಿಗೆ ಫೋನ್ ಮಾಡಿ ಕೇಳುತ್ತಾರೆ. ನಮ್ಮ ಮುಲುಂಡಿನ ಕಟ್ಟಡಕ್ಕೆ ಹೊಸದಾಗಿ ಬಂದ ಧಾರವಾಡದ ಹುಡುಗಿ ಲಿಫ್ಟಿನಲ್ಲೇ ಕೇಳಿದಳು. "ಆಂಟಿ, ನದಿ ಇಲ್ಲ, ಕೆರೆ ಇಲ್ಲ, ನಿಮ್ಮದು ಏಳನೇ ಮಹಡಿ. ನಲ್ಲಿ ನೀರಲ್ಲಿ ಮಿಂದರೆ ಅದು ಮಾಘಸ್ನಾನ ಆಗುತ್ತಾ?"

ಆಗುತ್ತದೆ. ಇದನ್ನು ಒಪ್ಪಿಕೊಳ್ಳೋಕೆ ನನಗೇ ಮೂರು ವರ್ಷ ಬೇಕಾಯಿತು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಪುಷ್ಯ ಹುಣ್ಣಿಮೆಯಿಂದ ಮಾಘ ಹುಣ್ಣಿಮೆವರೆಗೆ ದಿನಾ ಬೆಳಕು ಹರಿಯುವ ಮೊದಲೇ ಎದ್ದು ಮೀಯುವುದು, ದೇವರಿಗೆ ದೀಪ ಹಚ್ಚುವುದು, ಕೈಲಾದಷ್ಟು ಕೊಡುವುದು. ಇಷ್ಟೇ ವ್ರತ. ಕೆಲವು ಮನೆಗಳಲ್ಲಿ ಮಕರ ಸಂಕ್ರಮಣದಿಂದ ಕುಂಭ ಸಂಕ್ರಮಣದವರೆಗೆ ಮಾಡುತ್ತಾರೆ. ಪ್ರಯಾಗದಲ್ಲಿ ಇದೇ ತಿಂಗಳು ಜನ ನದಿ ದಂಡೆಯಲ್ಲಿ ಗುಡಾರ ಹಾಕಿಕೊಂಡು ಇರುತ್ತಾರೆ, ಅದಕ್ಕೆ ಕಲ್ಪವಾಸ ಅನ್ನುತ್ತಾರೆ. 2025ರ ಮಹಾಕುಂಭ ಶುರುವಾದದ್ದು ಜನವರಿ 13ಕ್ಕೆ. ಅವತ್ತೂ ಪುಷ್ಯ ಹುಣ್ಣಿಮೆಯೇ.

ನನ್ನ ಅಜ್ಜಿ ಪ್ರಯಾಗ ಕಂಡವರಲ್ಲ. ಅವರಿಗೆ ತುಂಗೆ ಇತ್ತು. "ತುಂಗಾ ಪಾನ, ಗಂಗಾ ಸ್ನಾನ" ಅಂತ ಮಾತಿದೆ ಅಲ್ವಾ, ಕುಡಿಯೋಕೆ ತುಂಗೆ, ಮೀಯೋಕೆ ಗಂಗೆ ಅಂತ. ಆ ಮಾತು ಬಂದಾಗೆಲ್ಲ ಅಜ್ಜಿ, "ನಂಗೆ ಎರಡೂ ಇವಳೇ" ಅನ್ನುತ್ತಿದ್ದರು. ಚಳಿಗೆ ಹೊಳೆಯ ಮೇಲೆ ಮಂಜು ಕೂತಿರುತ್ತಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಕಲ್ಲುಗಳ ನಡುವೆ ನೀರು ಹೋಗುವ ಸದ್ದು ಮಾತ್ರ ಕೇಳುತ್ತಿತ್ತು. ಆಗ ಅಜ್ಜಿ ಒಂದು ಶ್ಲೋಕ ಹೇಳುತ್ತಿದ್ದರು. "ಮಾಘಮಾಸೇ ರಟಂತ್ಯಾಪಃ" ಅಂತ ಅದರ ಶುರು. ಮಾಘದಲ್ಲಿ ಸೂರ್ಯ ಸ್ವಲ್ಪ ಮೇಲೆ ಬರುವ ಹೊತ್ತಿಗೆ ನೀರೇ ಕೂಗುತ್ತದಂತೆ. ಎಂಥ ಪಾಪ ಮಾಡಿದವನೇ ಆಗಲಿ, ಬಂದು ಬೀಳಲಿ, ಯಾರನ್ನು ತೊಳೆಯಲಿ ನಾವು ಅಂತ. "ನೀರು ಕರೀತಾ ಇರುತ್ತೆ ಕಣೇ, ನಾವು ಹೋಗಬೇಕು ಅಷ್ಟೇ" ಅನ್ನುತ್ತಿದ್ದರು ಅಜ್ಜಿ. ಕಲ್ಲಿನ ನಡುವಿನ ಆ ಸದ್ದೇ ಕರೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಈಗಲೂ ಆ ನಂಬಿಕೆ ಬಿಡಲು ಮನಸ್ಸಿಲ್ಲ.

1994ರಲ್ಲಿ ಮದುವೆಯಾಗಿ ಮುಂಬೈಗೆ ಬಂದೆ. ಮೊದಲ ಮಾಘದಲ್ಲೇ, ಶಾಸ್ತ್ರ ಬಲ್ಲವರು ಅಂತ ನಾವೆಲ್ಲ ಗೌರವಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ನಲ್ಲಿ ನೀರಿನದು ಬರೀ ಸ್ನಾನ, ಮಾಘಸ್ನಾನ ಅಲ್ಲ" ಅಂದುಬಿಟ್ಟರು. ನಾನು ಮರುಮಾತಾಡಲಿಲ್ಲ. ಮೂರು ವರ್ಷ ವ್ರತ ಬಿಟ್ಟೆ. ಆ ಮೂರು ವರ್ಷದ ಬಗ್ಗೆ ಇವತ್ತಿಗೂ ಬೇಸರ ಇದೆ. ಆಮೇಲೆ ಧರ್ಮಶಾಸ್ತ್ರದ ಪುಸ್ತಕ ಓದಿ ಹೇಳಿಸಿಕೊಂಡಾಗ ಗೊತ್ತಾಯಿತು, ಮನೆಯ ಬಿಸಿನೀರಿನ ಸ್ನಾನಕ್ಕೂ ಮಾಘದಲ್ಲಿ ಫಲ ಹೇಳಿದ್ದಾರೆ. ಬಾವಿಗೆ ಅದಕ್ಕಿಂತ ಜಾಸ್ತಿ, ಕೆರೆಗೆ ಇನ್ನೂ ಜಾಸ್ತಿ, ನದಿಗೆ ಮತ್ತೂ ಜಾಸ್ತಿ. ಅಂದರೆ ನಾನು ಮೆಟ್ಟಿಲಿನ ಕೆಳಗಡೆ ಇದ್ದೇನೆ, ಹೊರಗೆ ಇಲ್ಲ. ತಿಂಗಳು ಪೂರ್ತಿ ಆಗದವರು ಮೂರು ದಿನ ಮೀಯಬಹುದು, ಅದೂ ಆಗದವರು ಒಂದು ದಿನ. ಎಷ್ಟು ದಾರಿ ತೆರೆದಿಟ್ಟಿದ್ದಾರೆ ನೋಡಿ.

ಆದರೆ ನನ್ನ ಮನಸ್ಸು ನಿಜವಾಗಿ ತಿರುಗಿದ್ದು ಪೇಪರಿನಿಂದ. ಮಳೆಗಾಲದಲ್ಲಿ ಮುಂಬೈಯ ಪತ್ರಿಕೆಗಳಲ್ಲಿ ಊರಿಗೆ ನೀರು ಕೊಡುವ ಕೆರೆಗಳ ಮಟ್ಟ ಹಾಕುತ್ತಾರೆ. ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ. 2014ರಿಂದ ಮಧ್ಯ ವೈತರಣಾ ಸೇರಿ ಒಟ್ಟು ಏಳು. ವಿಹಾರ್ 1860ರದ್ದು, ತುಳಸಿ 1879ರದ್ದು, ಅವೆರಡು ಊರೊಳಗೇ ಇವೆ. ಉಳಿದವು ದೂರದ ಠಾಣೆ, ಪಾಲ್ಘರ್, ನಾಸಿಕ್ ಕಡೆಯ ಕಾಡು ಗುಡ್ಡಗಳಲ್ಲಿ. ವರ್ಷಗಟ್ಟಲೆ ಆ ಹೆಸರುಗಳನ್ನು ಸುಮ್ನೆ ಓದಿ ಪುಟ ತಿರುಗಿಸಿದ್ದೆ. ಒಂದು ದಿನ ಯಜಮಾನರನ್ನು ಕೇಳಿದೆ, "ವೈತರಣಾ ಅಂದರೆ ನದಿ ಅಲ್ವಾ?"

ನದಿಯೇ. ಏಳರಲ್ಲಿ ಮೂರು ಕೆರೆ ಆ ನದಿಗೇ ಅಣೆ ಕಟ್ಟಿದ್ದು. ತಾನ್ಸಾ ಅದರ ಉಪನದಿ. ಭಾತ್ಸಾ ಇನ್ನೊಂದು ನದಿ. ಈ ನೀರೆಲ್ಲ ನೂರು ಕಿಲೋಮೀಟರ್ ಆಸುಪಾಸಿನ ದಾರಿ ಬಂದು, ಬಹುಪಾಲು ನಮ್ಮ ಪಕ್ಕದ ಭಾಂಡುಪಿನಲ್ಲಿ ಶುದ್ಧವಾಗಿ, ಊರಿಗೆಲ್ಲ ಹಂಚಿಹೋಗುತ್ತದೆ. ಮುಲುಂಡಿನಲ್ಲಿ ನಾವು ದಿನಾ ದಾಟಿಹೋಗುವ ಆ ದೊಡ್ಡ ದೊಡ್ಡ ಪೈಪುಗಳ ಒಳಗೆ ಹೋಗುತ್ತಿರುವುದು ನದಿ. ನನ್ನ ಬಚ್ಚಲಿಗೆ ಬರುತ್ತಿರುವುದೂ ನದಿ. ಮಳೆ ಬಿದ್ದದ್ದು ಗುಡ್ಡದ ಮೇಲೆ, ಹರಿದದ್ದು ಕಾಡಿನಲ್ಲಿ. ಕೊನೆಯ ಹಾದಿ ಮಾತ್ರ ಕಬ್ಬಿಣದ್ದು.

ಅದನ್ನು ತಿಳಿದ ದಿನ ನಾನು ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಆಮೇಲೆ ತ್ರ್ಯಂಬಕಕ್ಕೆ ಹೋದೆವು. ಗೋದಾವರಿ ಹುಟ್ಟುವ ಬ್ರಹ್ಮಗಿರಿ ಅಲ್ಲಿದೆ. ವೈತರಣಾ ಹುಟ್ಟುವುದೂ ಅದೇ ತ್ರ್ಯಂಬಕದ ಬೆಟ್ಟಗಳಲ್ಲಿ. ಒಂದೇ ಬೆಟ್ಟಸಾಲಿಗೆ ಬಿದ್ದ ಮಳೆಯಲ್ಲಿ ಒಂದು ಪಾಲು ಮೂಡಲಿಗೆ ಇಳಿದು ಗೋದಾವರಿಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಪಡುವಣಕ್ಕೆ ಇಳಿದು ವೈತರಣಾ ಆಗಿ ಅರಬ್ಬೀ ಸಮುದ್ರದ ದಾರಿ ಹಿಡಿಯುತ್ತದೆ. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಊರಿಗೆ ಮದುವೆಯಾಗಿ ಹೋದ ಹಾಗೆ. ಗೋದಾವರಿಯಲ್ಲಿ ಮಿಂದರೆ ಪುಣ್ಯ ಅಂತ ಬಸ್ಸು ಹತ್ತಿ ಹೋಗುತ್ತೇವೆ. ಅವಳ ತಂಗಿ ಮನೆಗೇ ಬರುತ್ತಾಳೆ, ಅವಳ ಹೆಸರೂ ಕೇಳಿರುವುದಿಲ್ಲ.

ಊರಿಗೆ ಹೋದಾಗ ಅಮ್ಮನಿಗೆ ಇದನ್ನು ಹೇಳಿದೆ. ಅವರು ಗಾಬರಿಯಾದರು. "ವೈತರಣಿಯಾ? ಅದು ಯಮನ ಊರಿನ ದಾರಿಯಲ್ಲಿ ದಾಟೋ ನದಿ ಅಲ್ವಾ? ಹಸುವಿನ ಬಾಲ ಹಿಡಿದು?" ಗರುಡ ಪುರಾಣದ ವೈತರಣಿಯ ಹೆಸರೇ ಈ ನದಿಗೂ ಇರುವುದು ನಿಜ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಇರಲಿ ಬಿಡು. ಈಗಲೇ ಪರಿಚಯ ಮಾಡಿಕೋ. ಆಮೇಲೆ ಹೆದರಿಕೆ ಆಗಲ್ಲ." ಅಮ್ಮ ಈಗ ಇಲ್ಲ. ಮಾಘದ ಬೆಳಗಿನಲ್ಲಿ ಮೊದಲ ಚೊಂಬು ತಲೆ ಮೇಲೆ ಸುರಿಯುವಾಗ ಈ ಮಾತು ನೆನಪಾಗದ ದಿನವಿಲ್ಲ.

ಮೀಯುವ ಮುಂಚೆ ಎಲ್ಲರೂ ಹೇಳುವ ಶ್ಲೋಕ ನಿಮಗೂ ಗೊತ್ತು. "ಗಂಗೇ ಚ ಯಮುನೇ ಚೈವ ಗೋದಾವರಿ ಸರಸ್ವತಿ, ನರ್ಮದೇ ಸಿಂಧು ಕಾವೇರಿ ಜಲೇಽಸ್ಮಿನ್ ಸನ್ನಿಧಿಂ ಕುರು." ಏಳೂ ನದಿಗಳನ್ನು ಈ ನೀರಿಗೆ ಬನ್ನಿ ಅಂತ ಕರೆಯುವುದು. ಜಲೇಽಸ್ಮಿನ್, ಈ ನೀರಿನಲ್ಲಿ. ಎದುರಿಗಿರುವ ನೀರು ಯಾವುದೋ ಅದರಲ್ಲಿ. ನದಿಯ ದಂಡೆಯಲ್ಲೇ ಇರುವವನಿಗೆ ಈ ಶ್ಲೋಕ ಅಷ್ಟಾಗಿ ಬೇಕಿಲ್ಲ. ಬಕೆಟ್ ಮುಂದೆ ನಿಂತ ನನ್ನಂಥವಳಿಗೇ ಇದು ಬೇಕು. ನಾನು ಏಳು ಹೆಸರಿನ ನಂತರ ಇನ್ನೂ ಮೂರು ಸೇರಿಸುತ್ತೇನೆ, ವೈತರಣಾ, ತಾನ್ಸಾ, ಭಾತ್ಸಾ. ಶಾಸ್ತ್ರದಲ್ಲಿ ಹಾಗೆ ಇಲ್ಲ. ಆದರೆ ಕರೆಯದೆಯೇ ದಿನಾ ಬರುವವರ ಹೆಸರು ಬಿಟ್ಟು ದೂರದವರನ್ನು ಮಾತ್ರ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಜನ ಕೇಳುವ ಸಣ್ಣ ಪುಟ್ಟ ವಿಷಯ. ಎಷ್ಟು ಗಂಟೆಗೆ? ಅರುಣೋದಯ ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮೊದಲು, 96 ನಿಮಿಷ. ಜನವರಿಯಲ್ಲಿ ಮುಂಬೈಗೆ ಸೂರ್ಯ ಬರುವುದು 7:12ರ ಸುಮಾರಿಗೆ, ತೀರ್ಥಹಳ್ಳಿಗಿಂತ ಕಾಲು ಗಂಟೆ ತಡ. ಹಾಗಾಗಿ ಐದೂವರೆ ದಾಟಿದ ಮೇಲೆ ಮಿಂದರೆ ಸಾಕು. ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರಲ್ಲಿ ಎಷ್ಟೋ ಜನ ಆ ಹೊತ್ತಿಗೆ ಎದ್ದೇ ಇರುತ್ತಾರೆ. ಬಕೆಟ್ಟನ್ನು ರಾತ್ರಿಯೇ ತುಂಬಿಸಿಡಿ. ಮೊದಲ ವರ್ಷಗಳಲ್ಲಿ ನಸುಕಿನಲ್ಲಿ ನಲ್ಲಿ ಬಿಟ್ಟ ಸದ್ದಿಗೆ ಕೆಳಮನೆಯ ಮಗು ಏಳುತ್ತಿತ್ತು. ಆ ತಾಯಿ ಬಂದು ಹೇಳಿದಾಗ ನನಗೆ ತುಂಬಾ ಕೆಡುಕೆನಿಸಿತು. ಈಗ ಬಕೆಟ್ಟಿನ ತಳಕ್ಕೆ ಒಂದು ಬಟ್ಟೆ ಹಾಕಿ ತುಂಬಿಸುತ್ತೇನೆ, ಸದ್ದೇ ಬರುವುದಿಲ್ಲ. ತಣ್ಣೀರೇ ಆಗಬೇಕಾ? ಆದರೆ ಒಳ್ಳೆಯದು. ಆಗದವರು, ಬಾಣಂತಿಯರು, ಮೈ ಸರಿ ಇಲ್ಲದವರು ಬಿಸಿನೀರು ಮೀಯಲಿ. ನನಗೆ ಆಪರೇಷನ್ ಆದ ವರ್ಷ ಹನ್ನೆರಡು ದಿನ ಹಾಸಿಗೆಯಲ್ಲೇ ಇದ್ದೆ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡು, ಕಣ್ಣು ಮುಚ್ಚಿ, ತುಂಗೆಯ ಮೆಟ್ಟಿಲು ಒಂದೊಂದೇ ಇಳಿದೆ. ಮಾನಸ ಸ್ನಾನ ಅಂತ ಅದಕ್ಕೂ ಹೆಸರಿದೆ.

ಮೂಲಂಗಿ ಈ ತಿಂಗಳು ಬಿಡಬೇಕು. ಜನವರಿಯ ಮಾರ್ಕೆಟ್ ತುಂಬ ಬೆಳ್ಳಗಿನ ಎಳೆ ಮೂಲಂಗಿ, ಮಕ್ಕಳಿಗೆ ಅದರ ಹುಳಿ ಇಷ್ಟ, ಆದರೂ ಬಿಡುತ್ತೇವೆ.

ರಥಸಪ್ತಮಿಗೆ ಎಕ್ಕದ ಎಲೆ ಎಲ್ಲಿ ಸಿಗುತ್ತದೆ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇಲ್ಲಿ ಅದಕ್ಕೆ ರುಯಿ ಅನ್ನುತ್ತಾರೆ. ಶನಿವಾರ ಮಾರುತಿ ಗುಡಿಗಳ ಮುಂದೆ ಅದರ ಹಾರ ಮಾರುವ ಹೆಂಗಸರು ಇರುತ್ತಾರೆ. ಮೊದಲೇ ಹೇಳಿಟ್ಟರೆ ಬಿಡಿ ಎಲೆ ತಂದುಕೊಡುತ್ತಾರೆ. ತಲೆ ಮೇಲೆ ಒಂದು, ಭುಜಕ್ಕೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಎಲೆಯ ಹಾಲು ಕಣ್ಣಿಗೆ ಬೀಳಬಾರದು. ಮಕ್ಕಳಿಗೆ ಇಡುವಾಗ ಚೆನ್ನಾಗಿ ತೊಳೆದು ಇಡಿ.

"ಸಮುದ್ರ ಇದೆಯಲ್ಲ, ಅಲ್ಲೇ ಮೀಯಬಹುದಲ್ಲ?" ಅಂತಲೂ ಕೇಳುತ್ತಾರೆ. ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವದ ದಿನ ಬಿಟ್ಟು ಸಮುದ್ರಸ್ನಾನ ಇಲ್ಲ ಅಂತ ಹಿರಿಯರ ಪದ್ಧತಿ. ಮಾಘ ಹುಣ್ಣಿಮೆಗೆ ನಾವು ವಾಳಕೇಶ್ವರದ ಬಾಣಗಂಗೆಗೆ ಹೋಗುತ್ತೇವೆ. ರಾಮ ಬಾಣ ಬಿಟ್ಟು ನೀರು ತರಿಸಿದ ಜಾಗ ಅಂತ ಕಥೆ. ಕೊಳ ಶಿಲಾಹಾರರ ಕಾಲದ್ದು, 1127ರದ್ದು ಅನ್ನುತ್ತಾರೆ. ಸಮುದ್ರ ಕೂಗಳತೆ ದೂರದಲ್ಲಿದೆ, ಆದರೂ ಒಳಗಿನ ಬುಗ್ಗೆ ಸಿಹಿ. ನಾನು ಅಲ್ಲಿ ಇಳಿದು ಮೀಯುವುದಿಲ್ಲ, ಮೆಟ್ಟಿಲ ಮೇಲೆ ಕೂತು ತಲೆಗೆ ಪ್ರೋಕ್ಷಣೆ ಮಾಡಿಕೊಳ್ಳುತ್ತೇನೆ.

ನದಿ ಇಲ್ಲ ಅನ್ನುವ ಮಾತಿಗೆ ಒಂದು ತಿದ್ದುಪಡಿ ಬೇಕು. ಮುಂಬೈಗೆ ತನ್ನದೇ ನದಿಗಳಿವೆ. ಮೀಠಿ, ದಹಿಸರ್, ಪೊಯಿಸರ್, ಓಶಿವಾರಾ. ಮೀಠಿ ಅಂದರೆ ಸಿಹಿ. ವಿಹಾರ್ ಮತ್ತು ಪವಾಯಿ ಕೆರೆ ತುಂಬಿ ಹೊರಟ ನೀರು ಅದು. ಹುಟ್ಟುವಾಗ ಸ್ವಚ್ಛ. ಮಾಹಿಮ್ ಮುಟ್ಟುವ ಹೊತ್ತಿಗೆ ಕೊಚ್ಚೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ಅದು ಉಕ್ಕಿದಾಗಲೇ, ಎಷ್ಟೋ ಜನಕ್ಕೆ ಅದು ನಾಲೆಯಲ್ಲ ನದಿ ಅಂತ ಗೊತ್ತಾಗಿದ್ದು. ಮಾಘದಲ್ಲಿ ಎಲ್ಲ ನೀರೂ ಕೂಗುತ್ತದೆ ಅನ್ನುವುದು ನಿಜವಾದರೆ, ಮೀಠಿಯೂ ಕೂಗುತ್ತಿರಬೇಕು. ಅದರ ಹತ್ತಿರ ಹೋಗಲಾರದ ಹಾಗೆ ಮಾಡಿಕೊಂಡವರು ನಾವು.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಕಾಡುತ್ತದೆ. ನಮಗೆ ನೀರು ಕೊಡುವ ಅಣೆಕಟ್ಟುಗಳು ಇರುವ ಶಹಾಪುರ ತಾಲೂಕಿನ ಎಷ್ಟೋ ಪಾಡಾಗಳಲ್ಲಿ, ಅಂದರೆ ಆದಿವಾಸಿಗಳ ಸಣ್ಣ ಹಟ್ಟಿಗಳಲ್ಲಿ, ಬೇಸಿಗೆಯಲ್ಲಿ ಹೆಂಗಸರು ಕೊಡ ಹೊತ್ತು ನಡೆಯುತ್ತಾರೆ, ಟ್ಯಾಂಕರ್ ಕಾಯುತ್ತಾರೆ. ಅವರ ಮನೆ ಪಕ್ಕದ ನದಿ ನನ್ನ ಏಳನೇ ಮಹಡಿಗೆ ಬರುತ್ತದೆ. ಇದು ಗೊತ್ತಾದ ಮೇಲೆ ನನ್ನ ಮಾಘಸ್ನಾನಕ್ಕೆ ಒಂದೇ ಬಕೆಟ್. ಶವರ್ ಇಲ್ಲ, ಎರಡನೇ ಬಕೆಟ್ ಇಲ್ಲ. ಮಾಘದಲ್ಲಿ ಎಳ್ಳು, ಸೌದೆ, ಕಂಬಳಿ ದಾನ ಹೇಳಿದ್ದಾರೆ. ಎಳ್ಳು ದೇವಸ್ಥಾನಕ್ಕೆ ಕೊಡುತ್ತೇನೆ. ಕಂಬಳಿಗಳನ್ನು ಆ ಕಡೆಯಿಂದ ನಮ್ಮ ಕಟ್ಟಡಕ್ಕೆ ಕೆಲಸಕ್ಕೆ ಬರುವ ಹೆಂಗಸಿನ ಕೈಯಲ್ಲಿ ಅವರ ಪಾಡಾಕ್ಕೆ ಕಳಿಸುತ್ತೇನೆ. ಗುಡ್ಡದ ಮೇಲೆ ಚಳಿ ಜಾಸ್ತಿ.

ಮಗಳು ಪುಣೆಯಲ್ಲಿದ್ದಾಳೆ. ಇಷ್ಟು ವರ್ಷ ಅವಳಿಗೆ ಇದರಲ್ಲಿ ಅಷ್ಟೇನೂ ಮನಸ್ಸಿರಲಿಲ್ಲ, ನಾನೂ ಒತ್ತಾಯ ಮಾಡಿಲ್ಲ. ಈ ಸಲ ಪುಷ್ಯ ಹುಣ್ಣಿಮೆಯ ಹಿಂದಿನ ರಾತ್ರಿ ಫೋನ್ ಮಾಡಿದಳು. "ಅಮ್ಮ, ನಮ್ಮ ನಲ್ಲಿಗೆ ಬರೋದು ಖಡಕ್‌ವಾಸ್ಲಾ ನೀರು. ಅದು ಯಾವ ನದಿ?"

ಮುಠಾ ಅಂದೆ. ಮುಠಾ ಪುಣೆಯಲ್ಲಿ ಮುಳಾ ಜೊತೆ ಸೇರುತ್ತದೆ, ಎರಡೂ ಭೀಮೆಗೆ, ಭೀಮೆ ಕೃಷ್ಣೆಗೆ. ನಮ್ಮ ತುಂಗೆಯೂ ಭದ್ರೆಯ ಕೂಡೆ ಹೋಗಿ ಸೇರುವುದು ಕೃಷ್ಣೆಯನ್ನೇ. ನನ್ನ ವೈತರಣಾ ಆ ಕಡೆ ಹೋಗುವುದೇ ಇಲ್ಲ. ಅವಳ ಬಕೆಟ್ಟಿನ ನದಿ ಹೋಗುತ್ತದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಹಾಗಾದರೆ ನಾಳೆ ಎಷ್ಟು ಗಂಟೆಗೆ ಏಳಬೇಕು?"