ಹಕ್ಕಿಗೊಂದು, ಚೌಕಿಗೊಂದು

13 ಜನವರಿ 2019, ಭಾನುವಾರ
ಉಡುಪಿ

ನನಗೆ ಹಕ್ಕಿಯ ಫೋಟೋವೂ ಬೇಕು, ಯಕ್ಷಗಾನದ ಚೌಕಿಯದ್ದೂ (ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ) ಬೇಕು. ಆದರೆ ಕೂಡಿಟ್ಟ ದುಡ್ಡಿಗೆ ಒಂದೇ ಕ್ಯಾಮೆರಾ ಬರುತ್ತದೆ. ಮನೆಯಲ್ಲಿ ಸದ್ಯಕ್ಕೆ ಎರಡಿವೆ, ಎರಡೂ ಎರವಲು ತಂದದ್ದು. ಗೆಳತಿಯ ನಿಕಾನ್ ಪಿ900 ಒಂದು, ಭಾವನ ಡಿ5600 ಇನ್ನೊಂದು. ಮೊದಲನೆಯದು ಬ್ರಿಡ್ಜ್ ಕ್ಯಾಮೆರಾ, ಲೆನ್ಸ್ ಬಿಚ್ಚಲು ಬರುವುದಿಲ್ಲ. ಎರಡನೆಯದು ಡಿಎಸ್‌ಎಲ್‌ಆರ್. ಅದರಲ್ಲಿ ಲೆನ್ಸ್ ಬದಲಿಸಬಹುದು, ಲೆನ್ಸಿನ ಹಿಂದೆ ಕನ್ನಡಿ ಇರುತ್ತದೆ; ಸುಮ್ಮನೆ ಎಸ್‌ಎಲ್‌ಆರ್ ಅಂತಲೂ ಹೇಳುತ್ತಾರೆ. ಬುಧವಾರದೊಳಗೆ ಎರಡನ್ನೂ ವಾಪಸ್ ಕೊಡಬೇಕು. ಹಾಗಾಗಿ ಇವತ್ತೇ ತೀರ್ಮಾನ.

ಪಿ900ರ ಜೂಮ್ 83 ಪಟ್ಟು, 24ರಿಂದ 2000 ಎಂಎಂವರೆಗೆ. ಈ ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. 2015ರಲ್ಲಿ ಇದು ಬಂದಾಗ ಚಂದ್ರನ ಗುಂಡಿಗಳನ್ನು ತೋರಿಸುವ ವಿಡಿಯೋಗಳನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? 2018ರಲ್ಲಿ ಅದರ ಅಣ್ಣ ಪಿ1000 ಬಂತು, 3000 ಎಂಎಂ. ಆದರೆ ತೂಕ 1.4 ಕೆಜಿ, ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು) ಎಫ್/8. ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಅದನ್ನು ನಾನು ಲೆಕ್ಕಕ್ಕೇ ತಗೊಂಡಿಲ್ಲ.

ಈ 2000ದ ಗುಟ್ಟು ಸೆನ್ಸರಿನಲ್ಲಿದೆ, ಅಂದರೆ ಬೆಳಕನ್ನು ಚಿತ್ರ ಮಾಡುವ ಚಿಪ್ಪಿನಲ್ಲಿ. ಲೆನ್ಸಿನ ನಿಜವಾದ ಫೋಕಲ್ ಲೆಂತ್ 357 ಎಂಎಂ ಅಷ್ಟೇ. ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಅಗಲ 6 ಮಿಲಿಮೀಟರ್ ಚಿಲ್ಲರೆ. ಅಷ್ಟು ಸಣ್ಣ ತುಂಡಿಗೆ ಬಿದ್ದ ಚಿತ್ರ ನಮಗೆ 2000 ಎಂಎಂನಷ್ಟು ಹತ್ತಿರ ಕಾಣುತ್ತದೆ. ಡಿ5600ರ ಸೆನ್ಸರ್ 23.5 ಬೈ 15.6 ಮಿಲಿಮೀಟರ್, ವಿಸ್ತೀರ್ಣದಲ್ಲಿ ಸುಮಾರು ಹದಿಮೂರು ಪಟ್ಟು ದೊಡ್ಡದು. ಅಂಗಡಿಯಲ್ಲಿ ಕೇಳಿದರೆ ಮೆಗಾಪಿಕ್ಸೆಲ್ ಹೇಳುತ್ತಾರೆ, ಜೂಮ್ ಹೇಳುತ್ತಾರೆ. ಈ ಅಳತೆ ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬೆಳಿಗ್ಗೆ ಬೇಗ ಎದ್ದು ಕೋಡಿಬೆಂಗ್ರೆಗೆ ಹೋಗಿದ್ದೆ. ಸ್ವರ್ಣಾ, ಸೀತಾ ಎರಡೂ ನದಿ ಸಮುದ್ರ ಸೇರುವ ಜಾಗ. ಆಚೆ ದಡದ ತೆಂಗಿನ ಮರದ ಮೇಲೆ ಗರುಡ ಕೂತಿತ್ತು. ಪಿ900ರಲ್ಲಿ ಅದರ ಕಣ್ಣು ಕಂಡಿತು! ಕೈಯಲ್ಲೇ ಹಿಡಿದು ತೆಗೆದದ್ದು, ಟ್ರೈಪಾಡ್ ಇಲ್ಲ. ಅದೇ ಹಕ್ಕಿ ಡಿ5600ಕ್ಕೆ 70-300 ಲೆನ್ಸ್ ಹಾಕಿದಾಗ ಫ್ರೇಮಿನ ಮಧ್ಯೆ ಪುಟ್ಟದಾಗಿ ಕೂತಿತ್ತು. ಆ 300 ಇಲ್ಲಿ, ಸೆನ್ಸರಿನ ಲೆಕ್ಕದಲ್ಲಿ, 450ಕ್ಕೆ ಸಮ. 450ಕ್ಕೂ 2000ಕ್ಕೂ ಎಲ್ಲಿಯ ಮಾತು?

ಗರುಡ ಹಾರಿದ ಮೇಲೆ ಆಟ ತಿರುಗಿತು. ಪಿ900ರ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುವುದು ಸಣ್ಣ ಪರದೆ. ಅದು ಹಕ್ಕಿಗಿಂತ ಒಂದು ಕ್ಷಣ ಹಿಂದೆ ಇರುತ್ತದೆ. ಜೂಮ್ ತಾತ್ಕಾಲಿಕವಾಗಿ ಹಿಂದೆ ಸರಿಸಿ ಹಕ್ಕಿ ಹುಡುಕಲು ಬದಿಯಲ್ಲಿ ಒಂದು ಬಟನ್ ಇದೆ, ಒಳ್ಳೆಯ ಉಪಾಯ. ಆದರೂ ಫೋಕಸ್ ಅತ್ತಿತ್ತ ತಡಕಾಡಿ ಸಿಗುವಷ್ಟರಲ್ಲಿ ಸಿಕ್ಕಿದ್ದು ಖಾಲಿ ಆಕಾಶ. ಎಸ್‌ಎಲ್‌ಆರ್‌ನ ಕನ್ನಡಿಯಲ್ಲಿ ಕಾಣುವುದು ನಿಜವಾದ ಬೆಳಕು, ತಡವಿಲ್ಲ. ಹಾರುವ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುತ್ತಾ ಹೋದೆ, ಚಿಕ್ಕದಾದರೂ ರೆಕ್ಕೆ ಸ್ಪಷ್ಟ ಬಂತು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗಲು ಶುರುವಾಯಿತು. ಆಮೇಲೆ 2000 ಎಂಎಂ ಇದ್ದೂ ಪ್ರಯೋಜನ ಇಲ್ಲ, ಎಲ್ಲಾ ಮಸುಕು.

ತೂಕದ ಮಾತು ಹೇಳಬೇಕು. ಬ್ರಿಡ್ಜ್ ಹಗುರ, ಎಸ್‌ಎಲ್‌ಆರ್ ಭಾರ ಅಂತ ಎಲ್ಲರೂ ಹೇಳುತ್ತಾರೆ. ಪಿ900 899 ಗ್ರಾಂ. ಡಿ5600 ಬ್ಯಾಟರಿ ಸೇರಿ 465, ಈ 70-300 ಲೆನ್ಸ್ 415. ಕೂಡಿಸಿ ನೋಡಿ! ಆದರೆ ಹಕ್ಕಿಗೇ ಅಂತ 200-500 ಲೆನ್ಸ್ ತಗೊಂಡರೆ ಅದೊಂದೇ 2.3 ಕೆಜಿ. ಬೆಲೆಯೂ ಹೆಗಲು ಇಳಿಸುವಂಥದ್ದೇ.

ನಿನ್ನೆ ರಾತ್ರಿಯದ್ದು ಬೇರೆ ಕಥೆ. ಬ್ರಹ್ಮಾವರದ ಕಡೆ ಒಂದು ಹರಕೆ ಆಟ (ಹರಕೆ ತೀರಿಸಲು ಆಡಿಸುವ ಯಕ್ಷಗಾನ) ಇತ್ತು. ನನಗೆ ರಂಗಸ್ಥಳಕ್ಕಿಂತ ಚೌಕಿಯ ಮೇಲೇ ಆಸೆ ಜಾಸ್ತಿ. ಕಲಾವಿದರು ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬಳಿದುಕೊಳ್ಳುತ್ತಾರೆ. ಒಂದು ಬಲ್ಬಿನ ಬೆಳಕು. ಫೋಟೋ ತೆಗೆಯಬಹುದಾ ಅಂತ ಕೇಳಿದೆ, ಒಬ್ಬ ಹಿರಿಯ ವೇಷಧಾರಿ "ತೆಗೀರಿ, ಲೈಟ್ ಮಾತ್ರ ಹಾಕ್ಬೇಡಿ" ಅಂದರು. ಸರಿಯಾದ ಮಾತು. ಕಣ್ಣಿನ ಅಂಚಿಗೆ ಗೆರೆ ಎಳೆಯುವಾಗ ಫ್ಲ್ಯಾಶ್ ಹೊಡೆದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಇಲ್ಲಿ ಜೂಮ್ ಯಾಕೆ ಬೇಕು? ಆರೇಳು ಅಡಿ ದೂರ ಅಷ್ಟೇ. ಬೇಕಾದ್ದು ಬೆಳಕು. ಭಾವನ ಬಳಿ 35 ಎಂಎಂ ಎಫ್/1.8 ಲೆನ್ಸ್ ಇದೆ, ಅಂಗೈಯಲ್ಲಿ ಮುಚ್ಚುವಷ್ಟು ಸಣ್ಣದು. ಐಎಸ್‌ಒ 1600 ಇಟ್ಟೆ. ಈ ಅಂಕಿ ಏರಿಸಿದಷ್ಟೂ ಕಡಿಮೆ ಬೆಳಕಿನಲ್ಲಿ ಚಿತ್ರ ಬರುತ್ತದೆ, ಆದರೆ ಕಾಳುಕಾಳೂ ಹೆಚ್ಚುತ್ತದೆ. ಬಣ್ಣ, ಚರ್ಮದ ಸುಕ್ಕು, ಕನ್ನಡಿಯಲ್ಲಿನ ಮುಖ, ಎಲ್ಲಾ ಬಂತು. ಪಿ900ರಲ್ಲಿ ಐಎಸ್‌ಒ ಇನ್ನೂ ಏರಿಸಬೇಕಾಯಿತು. ಸಣ್ಣ ಸೆನ್ಸರಿಗೆ ಅದು ತಡೆಯುವುದಿಲ್ಲ. ಕಾಳುಕಾಳು ಬಂದದ್ದನ್ನು ಕ್ಯಾಮೆರಾವೇ ಒರೆಸಿ, ಜೊತೆಗೆ ಗೆರೆಗಳನ್ನೂ ಒರೆಸಿಬಿಟ್ಟಿದೆ. ಅದರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಸಿಗುವುದಿಲ್ಲ, ಹಾಗಾಗಿ ಮನೆಗೆ ಬಂದು ಸರಿಮಾಡುವ ದಾರಿಯೂ ಇಲ್ಲ.

ಹಾಗಂತ ಎಸ್‌ಎಲ್‌ಆರ್ ಅಂದ ಕೂಡಲೇ ರಾತ್ರಿ ಗೆದ್ದ ಹಾಗಲ್ಲ. ಜೊತೆಗೆ ಬರುವ 18-55 ಲೆನ್ಸನ್ನು 55ಕ್ಕೆ ತಿರುಗಿಸಿದರೆ ಎಫ್/5.6. ಎಫ್/1.8ರಲ್ಲಿ ಬರುವ ಬೆಳಕಿನ ಹತ್ತರಲ್ಲಿ ಒಂದು ಪಾಲು. ದಿಗಿಣ ಹಾಕುವ, ಅಂದರೆ ಜಿಗಿದು ಗಿರಕಿ ಹೊಡೆಯುವ ವೇಷ ಅದರಲ್ಲಿ ಬರೀ ಬಣ್ಣದ ಗೀಟು. ಆ ಒಂದೇ ಲೆನ್ಸಿನಲ್ಲಿ ಕಾಲ ಕಳೆಯುವವರು ಸುಮ್ನೆ ಬ್ರಿಡ್ಜ್ ತಗೊಳ್ಳಲಿ ಅಂತ ನನ್ನ ಅಭಿಪ್ರಾಯ. ಹಕ್ಕಿಯಾದರೂ ಸಿಗುತ್ತದೆ. ಕೃಷ್ಣಮಠದ ರಥಬೀದಿಯ ಸಪ್ತೋತ್ಸವದ ಜನಜಂಗುಳಿಯಲ್ಲೂ ಅದೇ ವಾಸಿ. ತೇರು ಪೂರ್ತಿ ಬೇಕೆಂದರೆ ಪೂರ್ತಿ, ತುದಿಯ ಕಲಶ ಬೇಕೆಂದರೆ ಕಲಶ. ಅಲ್ಲಿ ಲೆನ್ಸ್ ಬದಲಿಸಲು ಮೊಣಕೈ ಎತ್ತುವಷ್ಟೂ ಜಾಗ ಇರುವುದಿಲ್ಲ.

ಹಳೇ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ ಅಂತ ನಂಬಿ ಡಿ5600 ತಗೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಅದರ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಹಳೇ 50 ಎಂಎಂ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದದ್ದೇ ಬೇಕು, ಅವುಗಳಲ್ಲಿ ಮೋಟರ್ ಲೆನ್ಸಿನೊಳಗೇ ಇರುತ್ತದೆ.

ನಮ್ಮ ಊರಿನ ಮಳೆಗಾಲ ಇನ್ನೊಂದು ತಲೆನೋವು. ಜೂನ್ ಬಂದರೆ ಲೆನ್ಸಿನೊಳಗೆ ಫಂಗಸ್. ಎಸ್‌ಎಲ್‌ಆರ್‌ನ ಒಂದು ಲೆನ್ಸ್ ಕೆಟ್ಟರೆ ಅದನ್ನು ಮಾತ್ರ ರಿಪೇರಿಗೆ ಕೊಡಬಹುದು. ಬ್ರಿಡ್ಜ್ ಆದರೆ ಇಡೀ ಕ್ಯಾಮೆರಾವೇ ಹೋಗಬೇಕು. ಮಲ್ಪೆಯ ಮರಳಿನಲ್ಲಿ ಲೆಕ್ಕ ಉಲ್ಟಾ. ಲೆನ್ಸ್ ಬಿಚ್ಚಿದರೆ ಉಪ್ಪುಗಾಳಿ, ಧೂಳು ಸೀದಾ ಒಳಗೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಭಾವ ಫೋಟೋ ಎಲ್ಲಾ ನೋಡಿದರು. "ಕನ್ನಡಿ ಇಲ್ಲದ ಕ್ಯಾಮೆರಾ ಬಂತಲ್ಲ ಮಾರಾಯ್ತಿ, ಈಗ ಇದೆಲ್ಲ ಎಂತಕ್ಕೆ?" ಅಂದರು. 2018ರಲ್ಲಿ ನಿಕಾನ್ ಝಡ್, ಕ್ಯಾನನ್ ಆರ್ ಅಂತ ಅಂಥವು (ಮಿರರ್‌ಲೆಸ್) ಎರಡೂ ಬಂದಿವೆ, ನಿಜ.

"ಅಷ್ಟು ದುಡ್ಡು ನೀವು ಕೊಡ್ತೀರಾ ಭಾವ?" ಅಂದೆ. ಪಾಯಸಕ್ಕೆ ಕೈ ಹಾಕಿದರು. ಜನ ಅತ್ತ ಹೋದಷ್ಟೂ ಸೆಕೆಂಡ್ ಹ್ಯಾಂಡ್ ಎಸ್‌ಎಲ್‌ಆರ್ ಲೆನ್ಸ್ ನಮಗೆ ಸಿಗುತ್ತದೆ ಅಂತ ನನ್ನ ಲೆಕ್ಕ.

ಡಿ5600 ತಗೊಳ್ಳುತ್ತೇನೆ. 35 ಎಂಎಂ ಲೆನ್ಸ್ ಜೊತೆಗೇ ಬೇಕು. ಮೇ ತಿಂಗಳಲ್ಲಿ ಪತ್ತನಾಜೆ ಬಂದರೆ ಮೇಳಗಳ ತಿರುಗಾಟ ಮುಗಿಯುತ್ತದೆ, ಅದಕ್ಕೆ ಮೊದಲು ಎಷ್ಟು ಚೌಕಿ ಸಿಗುತ್ತದೋ ಅಷ್ಟು ಲಾಭ. 70-300 ಮಳೆಗಾಲ ಕಳೆದ ಮೇಲೆ. ಅಲ್ಲಿಯವರೆಗೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಸಾಕು. ಗೆಳತಿಗೆ ಪಿ900 ವಾಪಸ್ ಕೊಡುವಾಗ ಒಂದು ಮಾತು ಹೇಳುವುದಿದೆ: ಯಾವತ್ತಾದರೂ ಮಾರುವುದಾದರೆ ಮೊದಲು ನನಗೆ ಹೇಳಬೇಕು.